ಸೋದರಮಾವನ ಕತ್ತರಿ

ಸ್ಯಾನ್ ರಮೋನಿನ ಗ್ರೋಸರಿ ಅಂಗಡಿಯಲ್ಲಿ ಗಲ್ಲೆಯ ಮೇಲಿದ್ದ ಹುಡುಗಿ ನನ್ನ ಮೊಮ್ಮಗನನ್ನು ನೋಡಿ, "ಎಷ್ಟು ಚೆಂದದ ಹುಡುಗಿ!" ಎಂದಳು. ಆ ದಿನ ಅದು ಮೂರನೆಯ ಸಲ. ವಿರೂ ತಾನು ಹುಡುಗ ಎಂದು ಇಂಗ್ಲಿಷಿನಲ್ಲಿ ಒದರಿದ. ಅವಳು ನಂಬಲಿಲ್ಲ. ಅವನ ಎರಡು ಜಡೆ ನೋಡಿದವರು ಯಾರೂ ನಂಬುತ್ತಿರಲಿಲ್ಲ.

ವಿರೂಗೆ ಆಗ ಎರಡು ವರ್ಷ ಹನ್ನೊಂದು ತಿಂಗಳು. ಹುಟ್ಟಿದಾಗಿನಿಂದ ಅವನ ತಲೆ ಕತ್ತರಿ ಕಂಡಿರಲಿಲ್ಲ. ಕರಿ ಗುಂಗುರು ಕೂದಲು ಬೆನ್ನಿಗಿಳಿದಿತ್ತು. ನಾನು ದಿನಾ ಕೊಬ್ಬರಿ ಎಣ್ಣೆ ಹಚ್ಚಿ, ಹೆಣೆದು ಡೇಕೇರಿಗೆ ಕಳಿಸಿದರೆ ಅಲ್ಲಿಯ ಟೀಚರು ಗುಲಾಬಿ ರಿಬ್ಬನ್ನು ಕಟ್ಟಿ ವಾಪಸು ಕಳಿಸುತ್ತಿದ್ದಳು.

ನಮ್ಮ ಮನೆತನದಲ್ಲಿ ಜವಳದ ಮೊದಲ ಎಳೆಗೆ ಸೋದರಮಾವನೇ ಕತ್ತರಿ ಇಡಬೇಕು. ಅವನ ಹೆಂಡತಿ ಪಕ್ಕದಲ್ಲಿ ಕೂತು, ಉಡಿಯೊಡ್ಡಿ, ಕೂದಲು ನೆಲಕ್ಕೆ ಬೀಳದ ಹಾಗೆ ಹಿಡಿಯಬೇಕು. ಅದೂ ಬೆಸ ವರ್ಷದಲ್ಲಿ. ಮೂರು ತುಂಬಿ ನಾಲ್ಕಕ್ಕೆ ಬಿತ್ತೆಂದರೆ ಮತ್ತೊಂದು ವರ್ಷ ಕಾಯುವುದೇ. ಶೈಲಜಾ ನನಗೆ ಒಬ್ಬಳೇ ಮಗಳು, ಅವಳಿಗೆ ಅಣ್ಣ ತಮ್ಮ ಇಲ್ಲ. ಹಾಗಾಗಿ ಆ ಅಧಿಕಾರ ಬಂದದ್ದು ನನ್ನ ತಮ್ಮ ಸಂಗನಬಸಪ್ಪನಿಗೆ.

ಸಂಗನಬಸಪ್ಪ ಇಂಗ್ಲೆಂಡಿನ ಒಂದು ಹಳ್ಳಿಯಲ್ಲಿ ಡಾಕ್ಟರು. ಹಡಗಿನಲ್ಲಿ ಹೋದವನು, ವಿಮಾನವೆಂದರೆ ಕೈಕಾಲು ತಣ್ಣಗಾಗುತ್ತವೆ. ಬೊಂಬಾಯಿಗೆ ಹಡಗು ಬರುವುದು ನಿಂತಿತು, ತಮ್ಮ ಬರುವುದೂ ನಿಂತಿತು. ಹದಿನೆಂಟು ವರ್ಷ ನಾನು ಬರೆದ ಕಾಗದಕ್ಕೆ ಅವನ ಕಾಗದ, ಅಷ್ಟೇ. ಅಪ್ಪ ಅವ್ವ ಹೋದ ಮೇಲೆ ತವರು ಅಂತ ನನಗೆ ಉಳಿದದ್ದು ಅವನೊಬ್ಬ. ಆ ತವರಿನ ಕೈ ನನ್ನ ಮೊಮ್ಮಗನ ತಲೆಯ ಮೇಲೆ ಮೊದಲು ಬೀಳಬೇಕು ಎಂಬುದೊಂದೇ ನನ್ನ ಹಟ.

ಅಳಿಯ ಶಿವರುದ್ರಪ್ಪನವರಿಗೆ ಸಾಕಾಗಿತ್ತು. ಅವರ ಆಫೀಸಿನ ಪಿಕ್ನಿಕ್ಕಿನಲ್ಲಿ ಯಾರೋ ವಿರೂಗೆ ಗೊಂಬೆ ಉಡುಗೊರೆ ಕೊಟ್ಟಿದ್ದರು.

"ಅತ್ತೀ, ಇನ್ನೆಷ್ಟ ದಿನಾ ಕಾಯೂದ್ರಿ? ನಿಮ್ಮ ತಮ್ಮಾರು ವಿಮಾನ ಹತ್ತಂಗಿಲ್ಲ, ಹಡಗ ಸಿಗಂಗಿಲ್ಲ. ಈಸಿಕೋಂತ ಬರ್ತಾರೇನು?"

"ಅವ ಬರಲಿಲ್ಲಂದ್ರ ನಾವ ಹೋಗೂಣಲ್ರಿ," ಎಂದೆ. "ಹೆಂಗೂ ಊರಿಗೆ ಹೊಂಟೀವಿ. ನಡುವ ನಾಕ ದಿನಾ ಇಳದರಾತು."

ಅಳಿಯ ನಕ್ಕು ಪಂದ್ಯ ಕಟ್ಟಿದರು. "ಆಗ್ಲಿ. ಮೂರು ತುಂಬೂದ್ರೊಳಗ ಮಾಮಾರ ಕತ್ತರಿ ಮೊದಲ ಬಿತ್ತಂದ್ರ ನೀವು ಗೆದ್ರಿ. ಇಲ್ಲಂದ್ರ ಮಾಲ್‌ನ್ಯಾಗಿನ ಬಾರ್ಬರ್ ಗೆದ್ದಾ. ಮುಂದ ಐದನೇ ವರ್ಷ ಗೀದನೇ ವರ್ಷ ಅನ್ನಂಗಿಲ್ಲ ಮತ್ತ."

"ಅನ್ನಂಗಿಲ್ರಿ," ಎಂದೆ. ಮಾತು ಕೊಟ್ಟೆ.

ಎಂಬತ್ತಾರನೇ ಇಸವಿ, ಜುಲೈ ಕೊನೆ. ಶನಿವಾರ ಮುಟ್ಟುವುದು, ಸೋಮವಾರ ಜವಳ, ಮಂಗಳವಾರ ಹೊರಡುವುದು. ಬುಧವಾರ ಹುಡುಗನಿಗೆ ಮೂರು ತುಂಬುತ್ತಿತ್ತು. ನನ್ನ ಕೈಚೀಲದಲ್ಲಿ ವಿಭೂತಿ, ಕೊಬ್ಬರಿ ಗಿಟಕು, ಒಂದು ಹಸಿರು ಕುಪ್ಪಸದ ಖಣ, ಹೊಸ ಕತ್ತರಿ. ಸ್ಯಾನ್ ಫ್ರಾನ್ಸಿಸ್ಕೋ ವಿಮಾನ ನಿಲ್ದಾಣದಲ್ಲಿ ಕತ್ತರಿ ನೋಡಿ ಒಬ್ಬ ಏನೋ ಕೇಳಿದ. ಅಳಿಯ ಅವನಿಗೆ ಐದು ನಿಮಿಷ ಸೋದರಮಾವನ ಸಂಗತಿ ವಿವರಿಸಿದರು. ಅವನಿಗೆ ತಿಳಿಯಿತೋ ಬೇಸರವಾಯಿತೋ, ಕತ್ತರಿಯನ್ನು ದೊಡ್ಡ ಪೆಟ್ಟಿಗೆಗೆ ಹಾಕಿಸಿ ಬಿಟ್ಟುಬಿಟ್ಟ.

ಲಂಡನ್ನಿನಿಂದ ಎರಡು ರೈಲು. ಕೊನೆಯ ಸ್ಟೇಷನ್ನು ನಮ್ಮ ಕಡೆಯ ಬಸ್ ನಿಲ್ದಾಣಕ್ಕಿಂತ ಸಣ್ಣದು. ಇಳಿದವರು ನಾವು ನಾಲ್ವರೇ. ಅಲ್ಲಿ ಉಣ್ಣೆಯ ಟೋಪಿ ಹಾಕಿಕೊಂಡ ಒಬ್ಬ ಮುದುಕ, ಪಕ್ಕದಲ್ಲಿ ಕರಿ ಗುಂಗುರು ಕೂದಲಿನ ನಾಯಿ. ಮುದುಕ ಬಾಗಿ ನನ್ನ ಕಾಲು ಮುಟ್ಟಿದಾಗಲೇ ಅವನು ನನ್ನ ತಮ್ಮನೆಂದು ಗೊತ್ತಾದದ್ದು.

"ಸಂಗ್ಯಾ, ಎಷ್ಟ ಮುದುಕ ಆಗೀಯೋ!"

"ನೀ ಏನ್ ಹದಿನಾರರಾಕಿ ಅದಿಯೇನ ಅಕ್ಕಾ?"

ಅವನ ಕನ್ನಡ ಹಾಗೇ ಇತ್ತು, ಭರಣಿಯಲ್ಲಿಟ್ಟ ಉಪ್ಪಿನಕಾಯಿಯ ಹಾಗೆ. ನಮ್ಮೂರು ರೋಣದಲ್ಲೇ ಜನ ಬಿಟ್ಟುಬಿಟ್ಟ ಮಾತುಗಳು ಅವನ ಬಾಯಲ್ಲಿ ಇನ್ನೂ ಬದುಕಿದ್ದವು.

ಅವನ ಹೆಂಡತಿ ಡೋರೀನಳನ್ನು ನಾನು ನೋಡಿದ್ದು ಅದೇ ಮೊದಲು. ಎತ್ತರದ ಹೆಂಗಸು. ಮನೆಯಲ್ಲಿ ಸುಮ್ಮನೆ ಕೂಡಲಾರಳು. ಚಹಾದ ಕೆಟಲಿಗೂ ಉಣ್ಣೆಯ ಕುಲಾವಿ ಹೆಣೆದು ಹಾಕಿದ್ದಳು. ಕಿಟಕಿಯಾಚೆ ಬೇಲಿ, ಬೇಲಿಯಾಚೆ ಕುರಿ, ಕುರಿಯಾಚೆ ಮತ್ತೆ ಬೇಲಿ. ಸ್ಯಾನ್ ರಮೋನಿನ ಗುಡ್ಡ ಜುಲೈಯಲ್ಲಿ ಒಣಗಿ ಬಂಗಾರದ ಬಣ್ಣಕ್ಕೆ ತಿರುಗಿರುತ್ತದೆ. ಇಲ್ಲಿ ಕಣ್ಣು ಹಾಯಿಸಿದಲ್ಲೆಲ್ಲ ಹಸಿರು. ಡೋರೀನಳಿಗೆ ಕನ್ನಡದಲ್ಲಿ "ಊಟ", "ಸಾಕು", "ಬಾಯಿ ಮುಚ್ಚು" ಎಂಬ ಮೂರು ಮಾತು ಬರುತ್ತಿದ್ದವು. ಮೂರನೆಯದನ್ನು ಅವಳು ನಾಯಿಗೆ ಹೇಳುತ್ತಿದ್ದಳು. ನಾಯಿಯ ಹೆಸರು ಟೋಬಿ.

ಸೋಮವಾರದ ಸಂಗತಿ ಅವಳಿಗೆ ತಿಳಿಸಿದ್ದೀಯಾ ಎಂದು ತಮ್ಮನನ್ನು ಕೇಳಿದೆ.

"ಹೇಳೀನಿ ಅಕ್ಕಾ. ಸೋಮಾರ ಹುಡುಗನ ಕೂದಲಾ ಕತ್ತರಸೂದೈತಿ ಅಂತ ಹೇಳೀನಿ."

"ಯಾರು ಮೊದಲ ಕತ್ತರಸಬೇಕು ಅನ್ನೂದು?"

"ಅದನ್ನೇನ್ ಹೇಳೂದು, ಎಲ್ಲಾರಿಗೂ ಗೊತ್ತಿರತೈತಿ," ಎಂದ.

ರೋಣದಲ್ಲಿ ಎಲ್ಲರಿಗೂ ಗೊತ್ತಿರುತ್ತದೆ. ಅದನ್ನು ನಾನಾದರೂ ಆಗಲೇ ಯೋಚಿಸಬೇಕಿತ್ತು.

ಭಾನುವಾರ ಮಧ್ಯಾಹ್ನ ಶೈಲಜಾ, ಅಳಿಯ ಯಾವುದೋ ಹಳೆಯ ಕೋಟೆ ನೋಡಲು ಹೋದರು. ತಮ್ಮನಿಗೆ ಒಬ್ಬ ರೋಗಿಯ ಮನೆಯಿಂದ ಫೋನು ಬಂತು, ಅವನೂ ಹೋದ. ನಾನು ತೋಟದ ಕುರ್ಚಿಯಲ್ಲಿ ಕೂತು ವಿರೂ ಟೋಬಿಯ ಹಿಂದೆ ಓಡುವುದನ್ನು ನೋಡುತ್ತಿದ್ದೆ. ಹಿತವಾದ ಬಿಸಿಲು, ಹೊಟ್ಟೆತುಂಬ ಊಟ. ಕಣ್ಣಿಗೆ ಯಾವಾಗ ಜೊಂಪು ಹತ್ತಿತೋ ತಿಳಿಯಲಿಲ್ಲ.

ಎಚ್ಚರಾಗಿದ್ದು ಕಚ್ ಕಚ್ ಎಂಬ ಸದ್ದಿಗೆ.

ಅಡುಗೆಮನೆಯ ಬಾಗಿಲಲ್ಲಿ ಸ್ಟೂಲಿನ ಮೇಲೆ ವಿರೂ ಕೂತಿದ್ದ, ಬಾಯಲ್ಲಿ ಬಿಸ್ಕತ್ತು. ಹಿಂದೆ ಕುರ್ಚಿಯಲ್ಲಿ ಡೋರೀನ್, ಕೈಯಲ್ಲಿ ಕತ್ತರಿ. ಬೇಲಿಯಲ್ಲಿ ನುಸುಳಿ ಬಂದ ಹುಡುಗನ ತಲೆತುಂಬ ಅಂಟುಮುಳ್ಳಿನ ಕಾಯಿ ಮೆತ್ತಿಕೊಂಡಿದ್ದವು. ಮಗು ಅತ್ತಿತ್ತು. ಹೇಗೂ ನಾಳೆ ಕತ್ತರಿಸುವ ಕೂದಲಲ್ಲವೇ, ಮುದುಕಿಯ ನಿದ್ದೆ ಯಾಕೆ ಕೆಡಿಸಬೇಕು ಎಂದು ಅವಳು ತಾನೇ ಶುರು ಮಾಡಿದ್ದಳು. ಎಡಗಡೆ ಕಿವಿಯ ತನಕ ಬೋಳು, ಬಲಗಡೆ ಜಡೆ ಹಾಗೇ ಇತ್ತು. ಆ ಕತ್ತರಿ ನಾಯಿಯ ಕೂದಲು ಕತ್ತರಿಸುವ ಕತ್ತರಿ.

ಮೂರು ವರ್ಷ ಕಾಯ್ದದ್ದು ಅಲ್ಲಿಗೆ ಮುಗಿಯಿತು. ನನ್ನ ಮುಖವೇ ಎಲ್ಲ ಆಡಿಬಿಟ್ಟಿತೆಂದು ಕಾಣುತ್ತದೆ. ಡೋರೀನ್ ಕತ್ತರಿ ಕೆಳಗಿಟ್ಟು "ಸಾರಿ, ಸಾರಿ" ಎಂದಳು. ಏನು ತಪ್ಪಾಯಿತೆಂದು ಅವಳಿಗೆ ಗೊತ್ತಿಲ್ಲ, ಏನೋ ದೊಡ್ಡದಾಗಿದೆ ಎಂದು ಗೊತ್ತು. ಕಣ್ಣಲ್ಲಿ ನೀರು. ಅವಳು ಎದ್ದು ನಿಂತಾಗ ನೋಡಿದೆ: ಒಂದು ಕೂದಲೂ ನೆಲಕ್ಕೆ ಬಿದ್ದಿರಲಿಲ್ಲ. ಅಡುಗೆಮನೆ ಹೊಲಸಾಗಬಾರದೆಂದು ಎಲ್ಲವನ್ನೂ ಏಪ್ರನ್ನಿನ ಉಡಿಯಲ್ಲಿ ಹಿಡಿದುಕೊಂಡಿದ್ದಳು.

ಅಷ್ಟರಲ್ಲಿ ತಮ್ಮನ ಕಾರು ಬಂತು. ಡೋರೀನ್ ಗೇಟಿನ ತನಕ ಓಡಿದಳು. ಅವಳು ಹೇಳುತ್ತಿದ್ದಂತೆ ಅವನ ಟೋಪಿ ಕೈಗೆ ಬಂತು, ಕೈ ತಲೆಗೆ ಹೋಯಿತು. ಆಮೇಲೆ ನನ್ನ ಕಡೆ ನೋಡದೆ ಸೀದಾ ತನ್ನ ದವಾಖಾನೆಯ ಕೋಣೆಗೆ ನಡೆದ. ಟೋಬಿ ಅವನ ಹಿಂದೆ ಹೋಯಿತು. ಬಾಗಿಲು ಹಾಕಿಕೊಂಡಿತು.

ಐದು ನಿಮಿಷಕ್ಕೆ ಹೊರಗೆ ಬಂದ. ಕೈಯಲ್ಲಿ ಗುಳಿಗೆ ಹಾಕಿಕೊಡುವ ಸಣ್ಣ ಬಿಳಿ ಲಕೋಟೆ.

"ಅಕ್ಕಾ, ಬೈಬ್ಯಾಡ. ನಾಳೆ ಎಲ್ಲಾರ ಮುಂದ ಕೈ ನಡಗಿದರ ಹೆಂಗ ಅಂತ, ಇವತ್ತ ಮುಂಜಾನೆ ಹುಡುಗ ಮಲಗಿದ್ದಾಗ ಒಂದ ಎಳಿ ಕತ್ತರಸಿ ನೋಡೀನಿ. ಮೊದಲನೇದು ನಂದ ಐತಿ. ತೊಗೋ, ಲಕೋಟಿಯೊಳಗ ಜ್ವಾಕಿ ಮಾಡೀನಿ."

ಅದೇ ಹೊತ್ತಿಗೆ ಕೋಟೆ ನೋಡಲು ಹೋದವರೂ ಬಂದರು. ಅಳಿಯ ಮಗನ ಅರ್ಧ ತಲೆ ನೋಡಿದರು, ಡೋರೀನಳ ಕಣ್ಣು ನೋಡಿದರು, ಕತ್ತರಿ ನೋಡಿದರು. ಅವರಿಗೆ ಎಲ್ಲಾ ತಿಳಿಯಿತು. ತುಟಿಯ ತುದಿಯಲ್ಲಿ ನಗು ಬಂತು. "ಅತ್ತೀ, ಹಂಗಾರ ಬಾರ್ಬರ್..."

"ತಡೀರಿ," ಎಂದೆ.

ಲಕೋಟೆ ಬಿಚ್ಚಿದೆ. ಕರಿ ಗುಂಗುರು ಕೂದಲು, ಒಂದು ಬೆರಳುದ್ದ. ನೋಡಿದವರಿಗೆ ವಿರೂನದೇ. ಆದರೆ ಆ ತಲೆಗೆ ಮೂರು ವರ್ಷ ಎಣ್ಣೆ ಹಚ್ಚಿದವಳು ನಾನು. ಮೂಗಿನ ಹತ್ತಿರ ಹಿಡಿದೆ. ಕೊಬ್ಬರಿ ಎಣ್ಣೆಯ ವಾಸನೆ ಇರಲಿಲ್ಲ. ತೋಯ್ದ ನಾಯಿಯ ವಾಸನೆ ಇತ್ತು. ಬಾಗಿಲ ಹತ್ತಿರ ಟೋಬಿ ಕೂತು ಬಲಗಿವಿಯನ್ನು ಪರಪರ ಕೆರೆದುಕೊಳ್ಳುತ್ತಿತ್ತು.

ತಮ್ಮನ ಮುಖ ನೋಡಿದೆ. ಚಿಕ್ಕಂದಿನಲ್ಲಿ ಬೆಲ್ಲ ಕದ್ದು, ಇರುವೆ ತಿಂದವು ಎಂದು ಹೇಳುವಾಗಲೂ ಅವನ ಹುಬ್ಬು ಹೀಗೇ ಮೇಲೆ ಹೋಗುತ್ತಿತ್ತು. ವಿಮಾನಕ್ಕೆ ಹೆದರುವವನು, ಅಕ್ಕನಿಗೆ ಅದಕ್ಕಿಂತ ಹೆದರುವವನು, ಹೆಂಡತಿ ಅತ್ತಳೆಂದು ಅಕ್ಕನ ಮುಂದೆ ಇಷ್ಟು ದೊಡ್ಡ ಸುಳ್ಳು ಹಿಡಿದುಕೊಂಡು ನಿಂತಿದ್ದಾನೆ. ಮಾವ ಆಡಿದ್ದು ಸುಳ್ಳು, ಅತ್ತೆ ಹಿಡಿದ ಉಡಿ ಮಾತ್ರ ಖರೆ. ಯಾರೂ ಹೇಳಿಕೊಡದೆ ಉಡಿ ಒಡ್ಡಿದ್ದಳಲ್ಲ. ತವರಿನ ಕೈ ಎಂದು ನಾನು ತಮ್ಮನ ಕೈಯನ್ನಷ್ಟೇ ಲೆಕ್ಕ ಹಿಡಿದಿದ್ದೆ. ಹದಿನೇಳು ವರ್ಷದಿಂದ ಆ ಮನೆಯಲ್ಲಿ ಇನ್ನೆರಡು ಕೈ ಇದ್ದವು.

"ಹೌದ್ರಿ ಅಳಿಯಂದಿರ," ಎಂದೆ, "ಇದ ಮೊದಲನೇ ಎಳಿ. ಸಂಗ್ಯಾ ಮುಂಜಾನೆನ ಕತ್ತರಸ್ಯಾನ. ನಾ ಗೆದ್ದೆ."

ತಮ್ಮನ ಹುಬ್ಬು ಕೆಳಗೆ ಇಳಿಯಿತು.

"ಅದನ್ನ ನನಗೂ ಒಂದ್ಸಲ ತೋರಸ್ರಿ ಅತ್ತೀ," ಎಂದರು ಅಳಿಯ.

"ಹೊಳಿಗೆ ಬಿಡೂ ಕೂದಲಾ. ಗಂಡಸರು ಮುಟ್ಟಂಗಿಲ್ರಿ," ಎಂದು ಲಕೋಟೆ ಕುಪ್ಪಸದಲ್ಲಿ ಇಟ್ಟುಕೊಂಡೆ. ಅಂಥ ಪದ್ಧತಿ ನಮ್ಮಲ್ಲಿ ಇಲ್ಲ. ಆ ಗಳಿಗೆಯಲ್ಲಿ ಹುಟ್ಟಿತು.

ಸೋಮವಾರ ಬೆಳಿಗ್ಗೆ ಮಿಕ್ಕ ಬಲಗಡೆಯ ಜಡೆಗೆ ಸಂಗ್ಯಾ ಹೊಸ ಕತ್ತರಿ ಇಟ್ಟ. ಎಷ್ಟೋ ಜನರಿಗೆ ಹೊಲಿಗೆ ಹಾಕಿದ ಕೈ, ಒಂದು ಜಡೆ ಕತ್ತರಿಸಲು ಗಡಗಡ ನಡುಗಿತು. ಡೋರೀನ್ ಇಸ್ತ್ರಿ ಮಾಡಿದ ಹೊಸ ಏಪ್ರನ್ನು ಹಾಕಿಕೊಂಡು ಪಕ್ಕದಲ್ಲಿ ಕೂತು ಉಡಿಯೊಡ್ಡಿದಳು. ನಾನು ಅವಳ ಹಣೆಗೆ ಕುಂಕುಮ ಹಚ್ಚಿ, ಹಸಿರು ಖಣ, ಕೊಬ್ಬರಿ ಗಿಟಕು, ಒಂದು ಹಿಡಿ ಅಕ್ಕಿ ಹಾಕಿ ಉಡಿ ತುಂಬಿದೆ. ಮನೆಯ ಸೊಸೆಗೆ ಮದುವೆಯಲ್ಲಿ ಆಗಬೇಕಿದ್ದದ್ದು, ಹದಿನೇಳು ವರ್ಷ ತಡವಾಯಿತು. ಏನು ಹೇಳಬೇಕೆಂದು ತಿಳಿಯದೆ ಅವಳು ತನಗೆ ಬರುವ ಕನ್ನಡದಲ್ಲೇ "ಸಾಕು, ಸಾಕು" ಎಂದಳು. ನಾನು ಇನ್ನೊಂದು ಹಿಡಿ ಹಾಕಿದೆ.

ಊರಿಗೆ ಹೋದ ಮೇಲೆ ಎಲ್ಲಾ ಕೂದಲನ್ನೂ ಮಲಪ್ರಭೆಗೆ ಬಿಟ್ಟೆ. ಲಕೋಟೆಯದನ್ನೂ ಬಿಟ್ಟೆ. ಹೊಳೆ ಏನೂ ಕೇಳಲಿಲ್ಲ.

ನಾವೆಲ್ಲ ಸ್ಯಾನ್ ರಮೋನಿಗೆ ವಾಪಸು ಬಂದು ಒಂದು ವಾರವಾಗಿತ್ತು, ಡೋರೀನಳ ಕಾಗದ ಬಂತು. ಇಂಗ್ಲಿಷಿನ ಕಾಗದ, ಅಳಿಯನೇ ಓದಿ ಹೇಳಿದರು. ಖಣದಲ್ಲಿ ಕುಪ್ಪಸದ ಬದಲು ಚಹಾದ ಕೆಟಲಿಗೆ ಹೊಸ ಕುಲಾವಿ ಹೊಲಿದಿದ್ದಾಳೆ. ಸಂಗನಬಸಪ್ಪ ವಿಮಾನದ ಟಿಕೆಟ್ಟಿನ ದರ ಕೇಳಿ ಬಂದಿದ್ದಾನೆ, ಕೇಳಿ ಬಂದದ್ದಷ್ಟೇ. ಮತ್ತೆ, ಟೋಬಿಯ ಬಲಗಿವಿಯ ಮೇಲೆ ಒಂದು ಬೆರಳಗಲ ಕೂದಲಿಲ್ಲ, ಯಾರೋ ಕತ್ತರಿಸಿದ್ದಾರೆ, ನಿಮಗೇನಾದರೂ ಗೊತ್ತೇ?

ಅಳಿಯ ಕಾಗದ ಮಡಿಚಿದರು.

"ಅತ್ತೀ, ನಾಯಿ ಕಿವೀ ಕೂದಲಾ ಯಾರ್ ಕತ್ತರಸಿರಬೇಕ್ರಿ?"

"ನಿಮ್ಮ ಮಗನ ಇರಬೇಕ್ರಿ," ಎಂದೆ. "ಕತ್ತರಿ ಅಲ್ಲೇ ಬಿದ್ದಿತ್ತಲ್ಲ."

ಅಳಿಯ ಮಗನ ಕಡೆ ತಿರುಗಿದರು. ವಿರೂ ನೆಲದ ಮೇಲೆ ಕೂತು ಆಟದ ಕಾರು ಓಡಿಸುತ್ತಿದ್ದ. ಅವನ ಗುಂಗುರು ಕೂದಲು ಆಗಲೇ ಕೆದರಿ ಎದ್ದು ನಿಂತಿತ್ತು.

"ಮತ್ತ ಬೆಳದಾವ್ರಿ," ಎಂದರು ಅಳಿಯ.

"ಹೌದ್ರಿ. ಶನಿವಾರ ಮಾಲಿಗೆ ಕರ್ಕೊಂಡು ಹೋಗ್ರಿ. ಎರಡನೇ ಸಲ ಯಾರ್ ಕತ್ತರಸಿದ್ರೂ ನಡೀತೈತಿ."

ಶನಿವಾರ ನಾನೂ ಜೊತೆಗೆ ಹೋದೆ. ಬಾರ್ಬರು ಹುಡುಗನನ್ನು ಎತ್ತರದ ಕುರ್ಚಿಯಲ್ಲಿ ಕೂಡಿಸಿ, ಕೊರಳಿಗೆ ಬಿಳಿ ಬಟ್ಟೆ ಕಟ್ಟಿ, ಕನ್ನಡಿಯಲ್ಲಿ ನೋಡಿ, "ಹ್ಯಾಂಡ್‌ಸಮ್ ಬಾಯ್!" ಎಂದ.

ವಿರೂ ತಿರುಗಿ ನನ್ನ ಮುಖ ನೋಡಿದ. ನಾನು ಕತ್ತರಿ ನೋಡುತ್ತಿದ್ದೆ. ಕೂದಲು ನೆಲಕ್ಕೆ ಬೀಳುತ್ತಿತ್ತು. ಬೀಳಲಿ ಎಂದು ಸುಮ್ಮನೆ ಕೂತೆ. ಆದರೂ ಸೆರಗು ಮಾತ್ರ ನನಗೆ ತಿಳಿಯದೆಯೇ ಮುಂದಕ್ಕೆ ಬಂದಿತ್ತು.