ಎಂಟು ಸ್ಪೀಕರಿನ ಮೌನ

ಮೌನಕ್ಕೂ ಆಂಪ್ಲಿಫೈಯರ್ ಬೇಕೇ ಎಂದು ನಾನು ಕೇಳಬಾರದಿತ್ತು. ಪ್ರಭಾರ ಅಧಿಕಾರಿಗಳು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನನ್ನನ್ನು ನೋಡಿದರು.

“ಹಿಂದಿನ ಸಾಹೇಬರು ತೀರಿಕೊಂಡಾಗ ನಾಲ್ಕು ಸ್ಪೀಕರಿನ ಮೌನ ಕೊಟ್ಟಿದ್ವಿ. ಈಗ ಹೋದ ದೊಡ್ಡ ಸಾಹೇಬರು ಅವರಿಗಿಂತ ಒಂದು ದರ್ಜೆ ಮೇಲಿದ್ದವರು. ಇವರಿಗೆ ಎಂಟಾದರೂ ಬೇಡ್ವಾ? ಹೋದ ಸಲ ಹಿಂದಿನ ಸಾಲಿನವರಿಗೆ ಮೌನ ಸರಿಯಾಗಿ ಕೇಳಿಸದೆ ಕೆಮ್ಮಿಬಿಟ್ಟರು.”

ಅದು ಅಳತೆ ಮತ್ತು ತೂಕದ ಇಲಾಖೆ. ಅಲ್ಲಿ ಯಾವುದನ್ನೂ ಅಂದಾಜಿಗೆ ಬಿಡುವ ಪದ್ಧತಿ ಇರಲಿಲ್ಲ. ಸಭಾಂಗಣದ ನಡುವೆ ಸ್ಟೂಲಿನ ಮೇಲೆ ಸದ್ದಳೆಯುವ ಮೀಟರು ಆಗಲೇ ಬಂದು ಕೂತಿತ್ತು. ಸಂತಾಪ ಸಭೆಯಲ್ಲಿ ಅದರ ಮುಳ್ಳು ಎಲ್ಲಿ ನಿಲ್ಲಬೇಕೆಂದು ಕೆಂಪು ಗೆರೆಯನ್ನೂ ಎಳೆದಿದ್ದರು.

ಆಂಪ್ಲಿಫೈಯರ್ ಧ್ವನಿವರ್ಧಕ ಬಾಡಿಗೆಗೆ ಕೊಡುವ ನಮ್ಮ ಮಾವನದು. ಏಣಿಯಿಂದ ಬಿದ್ದು ಕಾಲಿಗೆ ಪಟ್ಟಿ ಹಾಕಿಸಿಕೊಂಡು ಮಲಗಿದ್ದರಿಂದ ಮೊದಲ ಸಲ ಅದನ್ನು ನನ್ನ ಕೈಗೆ ಕೊಟ್ಟಿದ್ದ. ಇಬ್ಬರು ಸೇರಿ ಎತ್ತಬೇಕಾದ ಹಳೆಯ ಕಬ್ಬಿಣದ ಪೆಟ್ಟಿಗೆ ಅದು, ಸುಮ್ಮನಿದ್ದರೂ ಬಿಸಿಯಾಗುವ ಜಾತಿ. ಅತ್ತೆ ಅದನ್ನು ಸವತಿ ಎಂದೇ ಕರೆಯುತ್ತಿದ್ದಳು. “ಅವಳನ್ನು ಮೆತ್ತನೆ ಬಟ್ಟೆಯಲ್ಲಿ ಒರೆಸ್ತಾರೆ. ನನ್ನ ಕಣ್ಣೀರು ನಾನೇ ಒರೆಸ್ಕೋಬೇಕು” ಎಂದು ಆ ಬೆಳಿಗ್ಗೆಯೂ ಅಂದಳು. ಅಂದವಳೇ ಅದನ್ನು ಆಟೋಗೆ ಏರಿಸಲು ಒಂದು ಬದಿ ಹಿಡಿದಳು.

ಮಾವ ಹಾಸಿಗೆಯಿಂದಲೇ ಪಾಠ ಹೇಳಿದ. “ನೋಡು ಅಳಿಯ. ಒಂದು ಬದಿಗೆ ಎರಡೇ ಸ್ಪೀಕರ್. ಮೂರನೆಯದು ಹಾಕಿದರೆ ಇವಳ ಮೈಯಿಂದ ಅವು ಎಳೆಯೋದು ಊಟ ಅಲ್ಲ, ದರೋಡೆ. ಬೆನ್ನಿಗೆ ಗಾಳಿ ಬಿಡು. ಹತ್ತಿರ ನೀರು ಬೇಡ. ಹಚ್ಚೋವಾಗ ಎಲ್ಲದಕ್ಕಿಂತ ಕೊನೆಗೆ ಇವಳನ್ನ ಹಚ್ಚು, ಆರಿಸೋವಾಗ ಎಲ್ಲದಕ್ಕಿಂತ ಮೊದಲು ಇವಳನ್ನ ಆರಿಸು.”

“ಗೊತ್ತು ಮಾವ.”

“ನಿನಗೆ ಗೊತ್ತಿರೋದು ತತ್ವಶಾಸ್ತ್ರ. ಇವಳು ಜೀವಂತ ಮನೆಗೆ ಬಂದರೆ ನಾಳೆಯಿಂದ ಅಂಗಡಿ ಬೀಗದ ಕೈ ನಿನ್ನದು. ಸುಟ್ಟುಕೊಂಡು ಬಂದರೆ ಅಂಗಡಿನೇ ಇರಲ್ಲ, ಕೈ ತಗೊಂಡು ಏನು ಮಾಡ್ತೀಯ?”

ಅದು ಹೆದರಿಸುವ ಮಾತಾಗಿರಲಿಲ್ಲ. ಅಂಗಡಿಯಲ್ಲಿ ದುಡಿಯುವ ವಸ್ತು ಅದೊಂದೇ. ಉಳಿದದ್ದೆಲ್ಲ ಅದರ ನೆಂಟರಿಷ್ಟರು.

ನನಗೆ ಆ ಕೆಲಸದಲ್ಲಿ ಇಷ್ಟವಾಗಿದ್ದು ಒಂದೇ ಸಂಗತಿ. ಸ್ವಿಚ್ ಒತ್ತಿದ ಮೇಲೆ ಮೊದಲು ಕೆಂಪು ದೀಪ ಹತ್ತುತ್ತದೆ. ಪೆಟ್ಟಿಗೆ ತನ್ನನ್ನು ತಾನು ಪರೀಕ್ಷಿಸಿಕೊಳ್ಳುತ್ತದೆ. ಎಲ್ಲ ಸರಿಯಿದ್ದರೆ ಒಳಗೆ ಟಿಕ್ ಎಂದು ಸಣ್ಣ ಸದ್ದಾಗಿ ದೀಪ ಹಸಿರಾಗುತ್ತದೆ. ಕೆಂಪಿಗೂ ಟಿಕ್‌ಗೂ ನಡುವೆ ಒಂದು ಬಿಡುವಿದೆ. ಓದುವ ದಿನಗಳಲ್ಲಿ ಯಾವ ಪುಸ್ತಕದಲ್ಲೂ ನನಗೆ ಅಷ್ಟು ಪ್ರಾಮಾಣಿಕವಾದ ಬಿಡುವು ಸಿಕ್ಕಿರಲಿಲ್ಲ.

ವೇದಿಕೆಯ ಬುಡದಲ್ಲಿ, ಸ್ಪೀಕರುಗಳಿಗೆ ಹತ್ತಿರವಾಗಿ, ಗೋಡೆಯಿಂದ ಒಂದು ಮೊಳ ಬಿಟ್ಟು ಅದನ್ನು ಕೂರಿಸಿದೆ. ನಾಲ್ಕು ಸ್ಪೀಕರುಗಳನ್ನು ಬದಿಗೆರಡರಂತೆ ಜೋಡಿಸಿದೆ. ಸಭಾಂಗಣದ ಹಿಂಬದಿಯಲ್ಲಿದ್ದ, ಮೈಕುಗಳ ಸದ್ದು ಏರಿಳಿಸುವ ಮಿಕ್ಸರನ್ನು ಮೊದಲು ಹಚ್ಚಿ, ಎಲ್ಲ ಗುಂಡಿಗಳನ್ನು ಕೆಳಗಿಳಿಸಿ, ಕೊನೆಗೆ ಇವಳನ್ನು ಹಚ್ಚಿದೆ. ಕೆಂಪು. ಬಿಡುವು. ಟಿಕ್.

ಉಳಿದ ನಾಲ್ಕು ಸ್ಪೀಕರುಗಳ ವಿಷಯದಲ್ಲಿ ನಾನೊಂದು ಉಪಾಯ ಮಾಡಿದೆ. ಅವನ್ನು ಮೆಟ್ಟಿಲು, ಕ್ಯಾಂಟೀನು, ಓಣಿ ಮತ್ತು ಶೌಚಾಲಯದ ಹೊರಗೋಡೆಗೆ ನೇತುಹಾಕಿದೆ. ತಂತಿ ಕೊಡಲಿಲ್ಲ. ಪ್ರಭಾರ ಅಧಿಕಾರಿಗಳು ಒಂದೊಂದಕ್ಕೂ ಕಿವಿಯಿಟ್ಟು ಪರೀಕ್ಷಿಸಿದರು.

“ಮೆಟ್ಟಿಲಿನ ಸ್ಪೀಕರಿನಲ್ಲಿ ಮೌನ ಬಹಳ ಸ್ವಚ್ಛವಾಗಿ ಬರ್ತಿದೆ,” ಎಂದರು. “ಒಳಗಿನವು ಯಾಕೆ ಸ್ವಲ್ಪ ಗುಂಯ್ ಅಂತಿವೆ? ಇದರ ಹಾಗೆ ಮಾಡೋಕೆ ಆಗಲ್ವಾ?”

“ಇದು ಬೇರೆ ಕಂಪನಿ ಸರ್.”

ಒಳಗೊಳಗೇ ಬೀಗುತ್ತ ಹಾಲಿಗೆ ಮರಳಿದರೆ ಆಂಪ್ಲಿಫೈಯರ್ ಕಾಣಲಿಲ್ಲ. ಅದಿದ್ದ ಜಾಗದಲ್ಲಿ ನೆಲದವರೆಗೆ ಬಿಳಿ ಬಟ್ಟೆ ಹೊದ್ದ ಪುಟ್ಟ ಪೀಠವಿತ್ತು. ಪೀಠದ ಮೇಲೆ ದೊಡ್ಡ ಸಾಹೇಬರ ಫೋಟೋ, ಪಕ್ಕದಲ್ಲಿ ಕಂಠದವರೆಗೆ ನೀರು ತುಂಬಿದ ಹೂದಾನಿ, ಮುಂದೆ ಫೋಟೋಗೇ ಎಂದು ಇಟ್ಟ ಒಂದು ಮೈಕು.

“ಕರಿ ಡಬ್ಬ ಅಸಹ್ಯವಾಗಿ ಕಾಣ್ತಿತ್ತು,” ಎಂದ ಜವಾನ, ತನ್ನ ಕಲೆಯನ್ನು ಒಂದು ಹೆಜ್ಜೆ ಹಿಂದೆ ಸರಿದು ನೋಡುತ್ತ. “ಎತ್ತರ ಹೇಳಿ ಮಾಡಿಸಿದ ಹಾಗಿದೆ. ಸಾಹೇಬರ ಕಣ್ಣು ಸರಿಯಾಗಿ ಮೊದಲ ಸಾಲಿಗೆ ಬರುತ್ತೆ.”

“ಅಣ್ಣ, ಅದು ಉಸಿರಾಡಬೇಕು.”

“ಯಾರು?”

ನಾನು ಉತ್ತರಿಸುವಷ್ಟರಲ್ಲಿ ಬಾಗಿಲು ಮುಚ್ಚಿ ಭಾಷಣಗಳು ಶುರುವಾದವು. ನನ್ನ ತೋಳು ಹಿಡಿದು ಹಿಂಬದಿಗೆ ಕಳಿಸಿದರು. ಮಿಕ್ಸರಿನ ಹಿಂದೆ ನಿಂತು ನಾನು ಲೆಕ್ಕ ಹಾಕಿದೆ: ಒಬ್ಬೊಬ್ಬರ ಮಾತೂ ಅವಳ ಮೈಯಲ್ಲಿ ಶಾಖವಾಗಿ ಕೂರುತ್ತಿದೆ, ಹೊರಬರಲು ದಾರಿಯಿಲ್ಲ. ದೊಡ್ಡ ಸಾಹೇಬರು ತೂಕದ ಕಲ್ಲಿನಷ್ಟೇ ನಿಖರವಾಗಿದ್ದರೆಂದು ಒಬ್ಬರು ಹೇಳಿದರು. ಅದೇ ಮಾತನ್ನು ಎಲ್ಲರೂ ಹೇಳಿದರು. ನಾಲ್ಕನೆಯವರು ಹೇಳುವಾಗ ತಡೆಯಲಾಗದೆ ಬಗ್ಗಿಕೊಂಡೇ ಮುಂದೆ ಹೋಗಿ ಬಟ್ಟೆಯ ಒಳಗೆ ಕೈ ಹಾಕಹೋದೆ. ಪ್ರಭಾರ ಅಧಿಕಾರಿಗಳು ವೇದಿಕೆಯಿಂದ ಕೆಮ್ಮಿದರು. ಗಾಬರಿಯಲ್ಲಿ ಕೈ ಫೋಟೋದ ಚೌಕಟ್ಟಿಗೆ ತಗುಲಿತು. ಸುಡುವಷ್ಟಲ್ಲದಿದ್ದರೂ ಚೆನ್ನಾಗಿಯೇ ಕಾದಿತ್ತು.

ನಾನು ನಮಸ್ಕಾರ ಮಾಡಿದೆನೆಂದು ಎಲ್ಲರೂ ತಿಳಿದರು. ತಿರುಗಿ ನೋಡಿದರೆ ನನ್ನ ಹಿಂದೆ ಸಾಲು ನಿಂತಿತ್ತು. ಗುಮಾಸ್ತರು, ತೂಕದ ಪರೀಕ್ಷಕರು, ಟೈಪಿಸ್ಟಮ್ಮ, ಒಬ್ಬೊಬ್ಬರೇ ಬಗ್ಗಿ ಚೌಕಟ್ಟು ಮುಟ್ಟಿದರು. ಮುಟ್ಟಿದವರ ಮುಖ ಬದಲಾಯಿತು.

“ಸಾಹೇಬರು ಬೆಚ್ಚಗಿದ್ದಾರೆ,” ಎಂದರು ಟೈಪಿಸ್ಟಮ್ಮ.

ಸುದ್ದಿ ಕೊನೆಯ ಸಾಲು ತಲುಪಿ ಮರಳಿ ಮೊದಲ ಸಾಲಿಗೆ ಬರುವಷ್ಟರಲ್ಲಿ ಯಾರೋ ಉಷ್ಣಮಾಪಕ ತಂದಿದ್ದರು. ಇಲಾಖೆಯಲ್ಲಿ ಅದಕ್ಕೇನು ಬರವೇ? ಫೋಟೋದ ಹಣೆಗೆ ಹಿಡಿದು ಓದಿದ ಪರೀಕ್ಷಕರು ಗಂಭೀರವಾಗಿ ತಲೆಯಾಡಿಸಿದರು.

“ಸ್ವಲ್ಪ ಜ್ವರ ಇದೆ.”

ಪ್ರಭಾರ ಅಧಿಕಾರಿಗಳ ಮುಖ ಬಿಳಿಚಿತು. ಅವರು ದೊಡ್ಡ ಸಾಹೇಬರ ಕುರ್ಚಿಯಲ್ಲಿ ಕೂತಿದ್ದು ಅಂದಿನಿಂದಷ್ಟೇ. ವೇದಿಕೆಯ ಅಂಚಿಗೆ ಬಂದು ಪಿಸುದನಿಯಲ್ಲಿ ಹಿರಿಯ ಗುಮಾಸ್ತರನ್ನು ಕೇಳಿದರು: “ಜ್ವರ ಇರೋರಿಗೆ ಸಂತಾಪ ಸೂಚಿಸಬಹುದಾ?”

“ನಿಯಮ ನೋಡಬೇಕು ಸರ್. ಸದ್ಯಕ್ಕೆ ವೈದ್ಯಕೀಯ ರಜೆ ಅಂತ ಹಾಕಿಬಿಡೋಣ್ವಾ?”

“ನಾನು ಎಲ್ಲಿ ಕೂತ್ಕೊಳ್ಳಲಿ?”

“ಕುರ್ಚಿ ಪಕ್ಕದಲ್ಲಿ ಸ್ಟೂಲ್ ಹಾಕಿಸ್ತೀನಿ.”

“ಬೇಡ, ಬೇಡ. ಮೊದಲು ಮೌನ ಮುಗಿಸಿಬಿಡಿ.” ಅವರು ನೆಟ್ಟಗಾಗಿ ನನ್ನತ್ತ ಕೈಯೆತ್ತಿ ಗಾಳಿಯಲ್ಲಿ ಗುಂಡಿ ತಿರುಗಿಸಿ ತೋರಿಸಿದರು. ಜೋರು.

ನಾನು ಮಿಕ್ಸರಿಗೆ ಓಡಿಹೋಗಿ ಫೋಟೋದ ಮುಂದಿನ ಮೈಕಿನ ಗುಂಡಿ ಏರಿಸಿದೆ. ನಾಲ್ಕು ಸ್ಪೀಕರುಗಳಿಂದ ಗುಂಯ್ ಎಂಬ ಸದ್ದು ಎದ್ದು ಹಾಲನ್ನು ತುಂಬಿತು. ಎಲ್ಲರೂ ಎದ್ದು ತಲೆ ತಗ್ಗಿಸಿದರು. ಮುಳ್ಳು ಕೆಂಪು ಗೆರೆಯ ಹತ್ತಿರ ಬಂತು. ಪ್ರಭಾರ ಅಧಿಕಾರಿಗಳು ಇನ್ನೂ ಜೋರು ಎಂದು ಬೆರಳಾಡಿಸಿದರು. ಏರಿಸಿದೆ. ಪೀಠ ನಡುಗತೊಡಗಿತು. ಹೂದಾನಿ, ಯಾರೂ ತಳ್ಳದೆ, ಅಂಚಿನ ಕಡೆಗೆ ಇಷ್ಟಿಷ್ಟೇ ನಡೆದುಕೊಂಡು ಹೋಗುತ್ತಿತ್ತು. ಅದರ ಕೆಳಗೇ ಇದ್ದದ್ದು ಅವಳ ಬೆನ್ನಿನ ಜಾಲರಿ. ಆಮೇಲೆ ವಾಸನೆ ಬಂತು, ಕಾದ ಅರಗಿನ ವಾಸನೆ.

ಮಾವನ ಮುಖ ಕಣ್ಮುಂದೆ ಬಂತು. ಅದಕ್ಕಿಂತ ಹೆಚ್ಚಾಗಿ ಪೆಟ್ಟಿಗೆಯ ಒಂದು ಬದಿ ಹಿಡಿದಿದ್ದ ಅತ್ತೆಯ ಕೈ ಕಂಡಿತು. ಮೌನದ ನಡುವೆ ಅಲುಗಾಡಿದ ಮೊದಲಿಗ ನಾನೇ ಎಂದುಕೊಂಡೆ. ಹೋಗಿ ಹೂದಾನಿಯನ್ನು ಎದೆಗವುಚಿಕೊಂಡೆ. ಇನ್ನೊಂದು ಕೈಯಿಂದ ಬಟ್ಟೆ ಎತ್ತಬೇಕು ಎನ್ನುವಾಗ ಯಾರೋ ಆಗಲೇ ಫೋಟೋದ ಮೇಲೆ ಕೈಯಿಟ್ಟಿದ್ದಾರೆಂದು ಗೊತ್ತಾಯಿತು. ದೊಡ್ಡ ಸಾಹೇಬರ ಹೆಂಡತಿ. ಮೊದಲ ಸಾಲಿನಿಂದ ಯಾವಾಗ ಎದ್ದು ಬಂದರೋ, ಮಂಡಿಯೂರಿ ಕೂತಿದ್ದರು.

“ಮನೆಯಲ್ಲಿ ಇಷ್ಟು ಬೆಚ್ಚಗಿದ್ದವರಲ್ಲ,” ಎಂದರು ನನಗೆ ಮಾತ್ರ ಕೇಳುವಂತೆ. ಆದರೆ ಎದುರಿಗೆ ಮೈಕಿತ್ತು. ಆ ಪಿಸುಮಾತು ನಾಲ್ಕು ಸ್ಪೀಕರುಗಳಿಂದ ಹೊರಟು ಹಾಲಿನ ಗೋಡೆಗಳಿಗೆ ತಾಗಿ ಬಂತು. ತಗ್ಗಿದ ತಲೆಗಳಲ್ಲಿ ಒಂದೂ ಏಳಲಿಲ್ಲ. “ಜ್ವರ ಬಂದಾಗಲೂ ಕೈ ಹಿಡಿಯೋಕೆ ಬಿಡ್ತಿರಲಿಲ್ಲ. ಥರ್ಮಾಮೀಟರ್ ಇದೆಯಲ್ಲ, ಕೈ ಯಾಕೆ ಅಂತಿದ್ದರು.”

“ಅಮ್ಮ, ಇದು ಅವರಲ್ಲ. ಕೆಳಗೆ ನಮ್ಮ ಮಿಷನ್ ಇದೆ.” ನನ್ನ ದನಿಯೂ ಎಲ್ಲ ಕಡೆಯಿಂದ ಬಂತು.

“ಗೊತ್ತಪ್ಪ. ನಾನೇನು ಇಲಾಖೆಯವಳಾ?” ಅವರು ಕೈ ತೆಗೆಯಲಿಲ್ಲ. “ಆರಿಸಿದರೆ ತಣ್ಣಗಾಗುತ್ತಾ?”

“ಆಗುತ್ತೆ.”

“ಆರಿಸದಿದ್ದರೆ?”

“ನಮ್ಮ ಮಾವನ ಅಂಗಡಿ ಸುಟ್ಟುಹೋಗುತ್ತೆ.”

ಅವರು ಚೌಕಟ್ಟನ್ನು ಅಂಗೈಯಿಂದ ನಿಧಾನವಾಗಿ ಸವರಿದರು. ಕೆಂಪು ದೀಪಕ್ಕೂ ಟಿಕ್‌ಗೂ ನಡುವಿನ ಬಿಡುವಿನಂತಿತ್ತು ಅದು.

“ಆರಿಸಪ್ಪ,” ಎಂದರು. “ಇನ್ನೊಬ್ಬರ ಮನೆ ಖರ್ಚಲ್ಲಿ ಇವರು ಬೆಚ್ಚಗಿರೋದು ಬೇಡ.”

ಬಟ್ಟೆಯ ಕೆಳಗೆ ತಡಕಿ ಸ್ವಿಚ್ ಒತ್ತಿದೆ. ಎಲ್ಲದಕ್ಕಿಂತ ಮೊದಲು ಅವಳನ್ನು. ಗುಂಯ್ ನಿಂತಿತು. ಎಂಟೂ ಸ್ಪೀಕರುಗಳು ಮೊದಲ ಬಾರಿಗೆ ಒಂದೇ ಮಾತನ್ನಾಡಿದವು. ಸ್ಟೂಲಿನ ಮೇಲಿನ ಮುಳ್ಳು ಇಳಿದು, ತಳಕ್ಕೆ ತಾಗಿ, ಅಲ್ಲೇ ಮಲಗಿತು. ಯಾರೂ ಕೆಮ್ಮಲಿಲ್ಲ. ಟೈಪಿಸ್ಟಮ್ಮ ಅಳುತ್ತಿದ್ದುದು ಆಗ ಕೇಳಿಸಿತು. ಬಹುಶಃ ಆಗಲೇ ಬಹಳ ಹೊತ್ತಿನಿಂದ ಅಳುತ್ತಿದ್ದರು.

“ಏನಾಯ್ತು?” ಪ್ರಭಾರ ಅಧಿಕಾರಿಗಳು ಕೈ ಕೈ ಹಿಸುಕಿಕೊಂಡರು. “ಮೌನ ಕಟ್ ಆಗಿಹೋಯ್ತಲ್ರೀ.”



ಸಭೆ ಮುಗಿದು ಜನ ಕರಗಿದ ಮೇಲೆ ನಾನು ಬಟ್ಟೆ ತೆಗೆದು ಮಡಚಿಟ್ಟೆ. ಫೋಟೋವನ್ನು ಸಾಹೇಬರ ಹೆಂಡತಿ ಮಡಿಲಲ್ಲಿಟ್ಟುಕೊಂಡು ಪಕ್ಕದ ಕುರ್ಚಿಯಲ್ಲಿ ಕೂತರು. ಪೂರ್ತಿ ತಣಿಯುವ ತನಕ ಅವಳನ್ನು ಅಲ್ಲಾಡಿಸುವಂತಿರಲಿಲ್ಲ, ಆ ತಾಯಿಗೂ ಏಳುವ ಆತುರವಿರಲಿಲ್ಲ. ಅವರ ಒಂದು ಕೈ ಕರಿಪೆಟ್ಟಿಗೆಯ ಮೇಲಿತ್ತು. ಪ್ರಭಾರ ಅಧಿಕಾರಿಗಳು ಆಗಾಗ ಬಂದು ಉಷ್ಣಮಾಪಕವನ್ನು ಫೋಟೋಗೆ ಹಿಡಿದು ಹೋಗುತ್ತಿದ್ದರು. ಕೊನೆಗೊಮ್ಮೆ ಓದಿ, ನಿಟ್ಟುಸಿರು ಬಿಟ್ಟು, ನಗದಿರಲು ಪ್ರಯತ್ನಿಸುತ್ತ, “ಕೋಣೆಯ ಉಷ್ಣತೆ,” ಎಂದು ಹೇಳಿ ತಮ್ಮ ಕುರ್ಚಿಯ ಕಡೆ ನಡೆದರು.

ನಾನು ಮಾವನಿಗೆ ಫೋನು ಮಾಡಿದೆ. ನಡೆದದ್ದನ್ನೆಲ್ಲ ಹೇಳಿದೆ: ಬಟ್ಟೆ, ಹೂದಾನಿ, ಅರಗಿನ ವಾಸನೆ.  ಆ ಬದಿಯಲ್ಲಿ ಅವನ ಬೆನ್ನ ಹಿಂದಿನಿಂದ ಅತ್ತೆ ಕೇಳಿದಳು, “ಏನಂತೆ? ಸವತಿಗೆ ಏನಾಯ್ತಂತೆ?” ಅವಳ ದನಿ ನಡುಗಿದ್ದನ್ನು ನಾನು ಅವಳಿಗೆ ಎಂದೂ ಹೇಳುವುದಿಲ್ಲ.

“ಫೋನು ಹತ್ತಿರ ಹಿಡಿ,” ಎಂದ ಮಾವ.

ಮಿಕ್ಸರ್ ಹಚ್ಚಿದೆ. ಗುಂಡಿಗಳನ್ನು ಇಳಿಸಿದೆ. ಬಂದು ಫೋನನ್ನು ಪೆಟ್ಟಿಗೆಯ ಪಕ್ಕ ಹಿಡಿದು ಸ್ವಿಚ್ ಒತ್ತಿದೆ. ಕೆಂಪು ದೀಪ ಹತ್ತಿತು.

“ಈಗೇನು?” ಎಂದು ಆ ತಾಯಿ ಕೇಳಿದರು.

“ಯೋಚಿಸ್ತಿದೆ ಅಮ್ಮ.”

ಇಷ್ಟು ಕಾಲ ನನಗೆ ಪ್ರಿಯವಾಗಿದ್ದ ಆ ಬಿಡುವು ಆಗ ಸಹಿಸಲಾರದಷ್ಟು ಉದ್ದವಾಗಿತ್ತು. ನಾವಿಬ್ಬರೂ, ಫೋನಿನ ಆ ತುದಿಯಲ್ಲಿ ಅವರಿಬ್ಬರೂ, ಒಂದು ಕೆಂಪು ಚುಕ್ಕೆ ಹಸಿರಾಗಲೆಂದು ಕಾಯುತ್ತಿದ್ದೆವು.

ಟಿಕ್.

ಮಾವ ಫೋನಿಟ್ಟ. ಒಳಗಿನ ಫ್ಯಾನು ತಿರುಗಿ ಬೆನ್ನಿನ ಜಾಲರಿಯಿಂದ ಗಾಳಿ ಬೀಸತೊಡಗಿತು. ಆ ತಾಯಿ ಫೋಟೋವನ್ನು ಮಡಿಲಲ್ಲಿ ಸರಿಮಾಡಿಕೊಂಡು, ಗಾಳಿಗೆ ಅಂಗೈ ಒಡ್ಡಿ ಕೂತರು.