ವಿಶಾಲಾರ್ಥ

"ಸಂವಿಧಾನವನ್ನು ಕಿಟಕಿಯಿಂದ ಇಣುಕಿ ಓದಬಾರದು, ಬಾಗಿಲು ತೆರೆದು ಓದಬೇಕು," ಎಂದ ವಕೀಲರು ಒಂದು ಕ್ಷಣ ತಡೆದು ತಮ್ಮ ಮಾತಿಗೆ ತಾವೇ ತಲೆದೂಗಿದರು. "ಹಾಕಿದ್ರಾ ಟೈಪಿಸ್ಟಮ್ಮ?"

"ಹಾಕಿದೆ ಸರ್."

ಹದಿನೆಂಟು ವರ್ಷದಿಂದ ಹಾಕುತ್ತಲೇ ಬಂದಿದ್ದಳು. ಅವಳ ಬೆರಳುಗಳ ಕೆಳಗೆ ಸಂವಿಧಾನ ಹರಿಯುವ ನದಿಯಾಗಿತ್ತು, ಬೆಳೆಯುವ ಮರವಾಗಿತ್ತು, ಈಗ ಬಾಗಿಲೂ ಆಯಿತು. ಯಾವ ಹಕ್ಕನ್ನೇ ಆಗಲಿ ವಿಶಾಲಾರ್ಥದಲ್ಲಿ ಓದಬೇಕು ಎಂಬುದು ವಕೀಲರ ಪಲ್ಲವಿ. ಕೋರ್ಟಿನ ವರಾಂಡದಲ್ಲಿ ಅವರ ಹೆಸರೇ ವಿಶಾಲಾರ್ಥ ಎಂದಾಗಿಹೋಗಿತ್ತು. ಅದನ್ನವರು ಬಿರುದೆಂದು ತಿಳಿದಿದ್ದರು, ಪಾಪ.

ಆ ದಿನ ಟೈಪಿಸ್ಟಮ್ಮ ಒಂದೇ ಪುಟದಲ್ಲಿ ಮೂರು ತಪ್ಪು ಮಾಡಿದ್ದಳು. ಬೋರ್ಡು ಬರೆದು ಬದುಕುವ ಅವಳ ತಮ್ಮನನ್ನು ಹಿಂದಿನ ದಿನ ಬೆಳಿಗ್ಗೆ ಹತ್ತಕ್ಕೆ ಪೊಲೀಸರು ಎತ್ತಿಕೊಂಡು ಹೋಗಿದ್ದರು. ಕಾರ್ಮಿಕ ಸಂಘದವರು ಹೇಳಿದರೆಂದು ಅವರ ಗೋಡೆಯ ಮೇಲೆ 'ಶಾಂತಿಯಿಂದ ಸಭೆ ಸೇರುವುದು ಎಲ್ಲರ ಹಕ್ಕು' ಎಂದು ಬರೆದದ್ದೇ ಅವನ ಅಪರಾಧ. ಆ ಸಾಲು ಇರುವುದು ಸಂವಿಧಾನದಲ್ಲಿ. ಪೊಲೀಸರು ಅದು ಯಾವ ಸಂಘಟನೆಯ ಘೋಷಣೆ ಎಂದು ಅವನನ್ನು ಕೇಳುತ್ತಿದ್ದರು. ಹಿಡಿದವರನ್ನು ಇಪ್ಪತ್ನಾಲ್ಕು ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕೆಂಬ ಕಲಮನ್ನು ಅವಳು ಕಣ್ಣು ಮುಚ್ಚಿ ಟೈಪು ಮಾಡಬಲ್ಲಳು. ಈಗ ಮಧ್ಯಾಹ್ನ ಮೂರೂವರೆ.

ವಿಷಯ ಕೇಳಿದ ವಕೀಲರು ಕನ್ನಡಕ ತೆಗೆದು ಒರೆಸತೊಡಗಿದರು. ಒರೆಸುವಷ್ಟು ಕೊಳೆ ಅದರಲ್ಲಿರಲಿಲ್ಲ.

"ನೋಡಮ್ಮ, ನಾಳೆ ಸಂಜೆ ನನ್ನ ಉಪನ್ಯಾಸ. ಗೃಹಮಂತ್ರಿಗಳೇ ಅಧ್ಯಕ್ಷತೆ ವಹಿಸ್ತಾರೆ. ಇಂಥ ಹೊತ್ತಲ್ಲಿ ನಾನು ಸ್ಟೇಷನ್ ಮೆಟ್ಟಿಲು ಹತ್ತಿದ್ರೆ ಹೇಗಿರುತ್ತೆ, ನೀವೇ ಹೇಳಿ. ತತ್ವದ ಪ್ರಶ್ನೆ ಆಗಿದ್ದಿದ್ರೆ ನಾನೇ ಓಡ್ತಿದ್ದೆ. ಇದು ಬರೀ ಒಂದು ಕೇಸು."

"ನನ್ನ ತಮ್ಮ ಸರ್."

"ಅದೇ ಹೇಳಿದ್ನಲ್ಲ," ಎಂದು ಕನ್ನಡಕ ಏರಿಸಿಕೊಂಡರು.

ಟೈಪಿಸ್ಟಮ್ಮನಿಗೆ ಮೈಯೆಲ್ಲ ಉರಿಯಿತು. ಅಲ್ಲೇ ಎದ್ದು, ಚೀಲ ಹೆಗಲಿಗೆ ಹಾಕಿಕೊಂಡು ಹೊರಟಳು. ಅರ್ಧ ವಾಕ್ಯ ಮೆಷಿನ್ನಿನಲ್ಲೇ ಉಳಿಯಿತು.

ಸ್ಟೇಷನ್ನಿನಲ್ಲಿ ದಾಖಲೆ ಬರೆಯುವ ರೈಟರು ಚಹಾ ಕುಡಿಯುತ್ತಿದ್ದ. ಇಪ್ಪತ್ನಾಲ್ಕು ಗಂಟೆಯ ಮಾತೆತ್ತಿದ್ದೇ ತಡ, ಅವನ ಮುಖ ಅರಳಿತು.

"ಪ್ರಯಾಣದ ಹೊತ್ತು ಬಿಟ್ಟು ಇಪ್ಪತ್ನಾಲ್ಕು ಅಂತಿದೆಯಮ್ಮ. ಜೀಪು ಕೆಟ್ಟು ನಿಂತಿದೆ. ಕೆಟ್ಟಿರೋ ಅಷ್ಟು ಹೊತ್ತೂ ಪ್ರಯಾಣವೇ. ನಿಮ್ಮ ಸಾಹೇಬರು ನಮ್ಮ ಟ್ರೈನಿಂಗಿಗೆ ಬಂದು ಭಾಷಣ ಮಾಡಿದ್ರಲ್ಲ, ಎಲ್ಲಾನೂ ವಿಶಾಲವಾಗಿ ಓದಿ ಅಂತ. ಓದ್ತಾ ಇದೀವಿ."

ಹದಿನೆಂಟು ವರ್ಷದಲ್ಲಿ ವಕೀಲರ ಮಾತನ್ನು ಇಷ್ಟು ಶ್ರದ್ಧೆಯಿಂದ ಪಾಲಿಸಿದವನನ್ನು ಅವಳು ಕಂಡಿರಲಿಲ್ಲ.

ಲಾಕಪ್ಪಿನ ಸರಳಿನ ಹತ್ತಿರ ತಮ್ಮ ಬಂದು ನಿಂತ. ಅವನ ಉಗುರುಗಳಲ್ಲಿ ಇನ್ನೂ ನೀಲಿ ಬಣ್ಣವಿತ್ತು. "ನಾನು ಯಾವುದೋ ಗುಂಪಿನವನು ಅಂತ ಬರೆದಿಟ್ಟಿದ್ದಾರೆ ಅಕ್ಕ. ಸಹಿ ಹಾಕಲ್ಲ ಅಂದೆ," ಎಂದವನು ದನಿ ತಗ್ಗಿಸಿದ. "ಬರೆಯೋ ಕೈ ಯಾವುದು ಅಂತ ಕೇಳಿದ್ರು. ಇನ್ಸ್‌ಪೆಕ್ಟರ್ ಸಾಹೇಬ್ರು ಆರಕ್ಕೆ ಬರ್ತಾರಂತೆ."

ಅವಳು ಅಳಲಿಲ್ಲ, ಈ ಜನರ ಮುಂದೆ ಅಳುವುದಕ್ಕೆ ಅವಳಿಗೆ ಹೇಸಿಗೆಯಾಯಿತು. ಬಾಗಿಲಿಗೆ ಬಂದು ಕೈಗಡಿಯಾರ ನೋಡಿಕೊಂಡಳು. ನಾಲ್ಕು ಗಂಟೆ ಹತ್ತು ನಿಮಿಷ. ಎಡ ಮಂಡಿ ಚುಚ್ಚುತ್ತಿದ್ದರೂ, ಎಂದಿನ ನಡಿಗೆಯಲ್ಲೇ ಹಣ್ಣಿನಂಗಡಿ ದಾಟಿ, ಸಿಗ್ನಲ್ಲಿನಲ್ಲಿ ಕಾದು, ರಸ್ತೆ ದಾಟಿ ಕೋರ್ಟಿನ ಗೇಟು ತಲುಪಿದಳು. ನಾಲ್ಕು ಹತ್ತೊಂಬತ್ತು.

ಗೇಟಿನ ಪಕ್ಕ ಅರ್ಜಿ ಬರೆದುಕೊಡುವವನೊಬ್ಬ ಮೆಷಿನ್ನು ಇಟ್ಟುಕೊಂಡು ಕೂತಿದ್ದ.

"ಸ್ವಲ್ಪ ಏಳಪ್ಪ," ಎಂದಳು. ಆ ದನಿಗೆ ಅವನು ಎದ್ದೇಬಿಟ್ಟ.

ಅವಳು ಟೈಪು ಮಾಡಿದ ಅರ್ಜಿಯಲ್ಲಿ ನದಿ ಇರಲಿಲ್ಲ, ಮರ ಇರಲಿಲ್ಲ. 'ನನಗೆ ಐವತ್ತೊಂದು ವರ್ಷ. ಎಡ ಮಂಡಿ ನೋವಿದೆ. ಸ್ಟೇಷನ್ನಿನಿಂದ ಈ ನ್ಯಾಯಾಲಯಕ್ಕೆ ಈಗತಾನೆ ನಡೆದು ಬಂದೆ. ಒಂಬತ್ತು ನಿಮಿಷ ಹಿಡಿಯಿತು. ನನ್ನ ತಮ್ಮನನ್ನು ಹಿಡಿದು ಮೂವತ್ತು ಗಂಟೆಯಾಗಿದೆ. ಅವನು ಇನ್ನೂ ಪ್ರಯಾಣದಲ್ಲಿದ್ದಾನೆಂದು ಪೊಲೀಸರು ಹೇಳುತ್ತಾರೆ.'

ಮ್ಯಾಜಿಸ್ಟ್ರೇಟರು ಆಗಲೇ ಏಳುವ ತಯಾರಿಯಲ್ಲಿದ್ದರು. ಬೇಸರದಿಂದಲೇ ಹಾಳೆ ಕೈಗೆತ್ತಿಕೊಂಡು ಓದಿದರು. ಇನ್ನೊಮ್ಮೆ ಓದಿದರು.

"ನಿಮ್ಮ ವಕೀಲರು ಯಾರು?"

"ಯಾರೂ ಇಲ್ಲ ಸ್ವಾಮಿ."

"ನಡೆದು ಬಂದದ್ದು?"

"ನಾನೇ."

ಅವರು ಮತ್ತೆ ಕೂತರು. "ಅರ್ಧ ಗಂಟೆಯೊಳಗೆ ಆತ ಇಲ್ಲಿರಬೇಕು," ಎಂದು ಗುಮಾಸ್ತನಿಂದ ಬರೆಸಿದರು. "ಜೀಪಿಗೆ ಕಾಯೋದು ಬೇಡ. ನಡೆಸಿಕೊಂಡೇ ಬರಲಿ ಅಂತ ಹೇಳಿ."

ಐದೂಕಾಲಿಗೆ ಮ್ಯಾಜಿಸ್ಟ್ರೇಟರ ಆದೇಶದ ಮೇಲೆ ತಮ್ಮ ಬಿಡುಗಡೆಯಾಗಿ ಹೊರಗಿದ್ದ. ಅವಳು ಮೊದಲು ಅವನ ಮುಖ ನೋಡಲಿಲ್ಲ. ಬಲಗೈ ಹಿಡಿದು ಬೆರಳುಗಳನ್ನು ಒಂದೊಂದಾಗಿ ಮಡಿಸಿ ನೋಡಿದಳು.

ಮರುದಿನ ಬೆಳಿಗ್ಗೆ ಪತ್ರಿಕೆಯಲ್ಲಿ 'ಒಂಬತ್ತು ನಿಮಿಷದ ಪ್ರಯಾಣ' ಎಂದು ಚಿಕ್ಕ ಸುದ್ದಿ ಬಂದಿತ್ತು. ವಕೀಲರು ಅದನ್ನು ಮಡಿಸಿ ಮೇಜಿನ ಮೇಲಿಟ್ಟುಕೊಂಡು, ಅವಳು ಬಂದದ್ದೇ ಬಾಯಿತುಂಬ ನಕ್ಕರು. ತಮ್ಮ ಹೇಗಿದ್ದಾನೆಂದು ಕೇಳಲಿಲ್ಲ.

"ಭೇಷ್ ಟೈಪಿಸ್ಟಮ್ಮ! ಎಂಥಾ ತತ್ವ ಅಡಗಿದೆ ಇದರಲ್ಲಿ! ಉಪನ್ಯಾಸಕ್ಕೆ ಇನ್ನೊಂದು ಪ್ಯಾರಾ ಸೇರಿಸೋಣ. ಬರ್ಕೊಳ್ಳಿ."

ಅವಳು ಹಾಳೆ ಏರಿಸಿದಳು. ಸಂಬಳ ಬೇಕಾಗಿತ್ತು, ಅದಕ್ಕೇ ಏರಿಸಿದಳು.

ವಕೀಲರು ಕೈ ಬೆನ್ನಿಗೆ ಕಟ್ಟಿಕೊಂಡು ಶತಪಥ ಹಾಕತೊಡಗಿದರು. "ಸ್ವಾತಂತ್ರ್ಯವನ್ನು ಗ್ರಂಥಗಳಲ್ಲಿ ಹುಡುಕಿದರೆ ಸಾಲದು, ಪೂರ್ಣವಿರಾಮ. ನಿನ್ನೆ ನಮ್ಮ ಕಚೇರಿಯು ಠಾಣೆಯಿಂದ ನ್ಯಾಯಾಲಯದವರೆಗಿನ ದಾರಿಯನ್ನು ನಡೆದೇ ಅಳೆಯಿತು. ನಾವು ಇಟ್ಟ ಒಂದೊಂದು ಹೆಜ್ಜೆಯೂ ಸಂವಿಧಾನದ ವ್ಯಾಖ್ಯಾನವಾಗಿತ್ತು..."

ಮೆಷಿನ್ನಿನ ಸದ್ದು ನಿಂತಿತು.

"ಯಾಕೆ, ಏನಾಯ್ತು?"

"ಒಂದು ಅನುಮಾನ ಸರ್. ತಪ್ಪಾಗಬಾರದು ನೋಡಿ, ಮಂತ್ರಿಗಳು ಬರ್ತಾರೆ," ಎಂದಳು ಟೈಪಿಸ್ಟಮ್ಮ. "ಕೋರ್ಟಿನ ಗೇಟಿಂದ ಆಚೆ ಬಂದ್ರೆ ಸ್ಟೇಷನ್ನು ಎಡಗಡೆಗೋ, ಬಲಗಡೆಗೋ?"

ವಕೀಲರು ಬಾಯಿ ತೆರೆದರು. ಕಿಟಕಿಯ ಕಡೆ ನೋಡಿದರು. ಅಲ್ಲಿಂದ ಎದುರು ಕಟ್ಟಡದ ಗೋಡೆಯಷ್ಟೇ ಕಾಣುತ್ತಿತ್ತು. ಟೈಪಿಸ್ಟಮ್ಮ ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡು, ಅವರ ಮುಖವನ್ನೇ ನೋಡುತ್ತ ಕಾದಳು.