ಬಲಕ್ಕೆ ನೋಡಿದರೆ ಹೌದು

ಮನುಷ್ಯನ ಮಿದುಳಿನೊಳಗೆ ಕಾಲಿಟ್ಟು, ಅಲ್ಲೆಲ್ಲ ಓಡಾಡಿ, ಚಪ್ಪಲಿಗೆ ಕೆಸರು ಹತ್ತಿಸಿಕೊಳ್ಳದೆ ಹೊರಗೆ ಬಂದವನು ಈ ಭೂಮಿಯ ಮೇಲೆ ನಾನೊಬ್ಬನೇ. ಮಾರನಹಳ್ಳಿ ಕಡೆ ಹೋಗಿ ರೈಟರ್ ಗುಂಡಯ್ಯ ಹೀಗೆ ಹೇಳಿದ ಅನ್ನಿ, ಜನ ನಗುತ್ತಾರೆ. ಹೊಟ್ಟೆಕಿಚ್ಚು. ಎಸ್ಟೇಟಿನಲ್ಲಿ ಆಳುಗಳ ಹಾಜರಿ ಬರೆಯುವುದು ನನ್ನ ಕೆಲಸ, ನಿಜ. ಆದರೆ ದೊಡ್ಡ ದೊಡ್ಡ ಡಾಕ್ಟರುಗಳು ಯಂತ್ರ ಇಟ್ಟು ಹುಡುಕಿದರೂ ಸಿಗದ ನಂಜುಂಡನನ್ನು ಅವನ ತಲೆಯೊಳಗೇ ಹೋಗಿ ಮಾತಾಡಿಸಿಕೊಂಡು ಬಂದವನು ನಾನು.

ನಂಜುಂಡ ನಮ್ಮ ಎಸ್ಟೇಟಿನ ಜೀಪ್ ಡ್ರೈವರ್, ನನ್ನ ಜೊತೆಯಲ್ಲೇ ಬೆಳೆದವನು. ಶಿರಾಡಿ ಘಾಟಿಯನ್ನು ಕಣ್ಣು ಮುಚ್ಚಿಕೊಂಡು ಇಳಿಸುತ್ತಿದ್ದ. ಪಕ್ಕದಲ್ಲಿ ಕೂತು ತಿರುವು ಹೇಳುತ್ತಿದ್ದವನು ನಾನು. ತೊಂಬತ್ತೊಂಬತ್ತರ ಕಾಫಿ ಕುಯ್ಲಿನಲ್ಲಿ, ಕಣದಲ್ಲಿ ಮೂಟೆ ಇಳಿಸುತ್ತಿದ್ದವನು ಕುಸಿದು ಕೂತ. ಮತ್ತೆ ಏಳಲಿಲ್ಲ. ಆಸ್ಪತ್ರೆಯಲ್ಲಿ ಜೀವ ಉಳಿಯಿತು, ಅಷ್ಟೇ ಉಳಿದದ್ದು. ಮೂಗಿಗೆ ನಳಿಗೆ ಹಾಕಿಸಿಕೊಂಡು ಮನೆಗೆ ಬಂದ. ಕೈಯಿಲ್ಲ, ಕಾಲಿಲ್ಲ, ನಾಲಿಗೆಯಿಲ್ಲ. ಕಣ್ಣು ಮಾತ್ರ ತೆರೆದಿರುತ್ತಿತ್ತು. ಅವನಿಗೆ ಏನೂ ತಿಳಿಯುವುದಿಲ್ಲ ಎಂದು ಊರೆಲ್ಲ ಮಾತಾಡಿಕೊಂಡಿತು. ಹೆಂಡತಿ ಭದ್ರಮ್ಮ ಒಪ್ಪಲಿಲ್ಲ.

"ಒಳಗವ್ರೆ ಗುಂಡಣ್ಣ, ನಂಗೊತ್ತು. ಕೇಳೋದು ಹೆಂಗೆ ಅಂತ್ಲೇ ಗೊತ್ತಾಗ್ತಿಲ್ಲ."

"ದೇವ್ರನ್ನ ಹೆಂಗೆ ಕೇಳ್ತೀವೋ ಹಂಗೇ ಕೇಳಾನ" ಅಂದೆ.

ನಮ್ಮಲ್ಲಿ ದೇವರ ಮೇಲೆ ಹೂವಿಟ್ಟು ಕೇಳುತ್ತೇವೆ. ಹೂ ಬಲಕ್ಕೆ ಬಿದ್ದರೆ ಹೌದು, ಎಡಕ್ಕೆ ಬಿದ್ದರೆ ಅಲ್ಲ. ಕೇಳುವವರು ಕಣ್ಣು ಮುಚ್ಚಿ ಕೈಮುಗಿದಿರಬೇಕು. ಎತ್ತ ಬಿತ್ತೆಂದು ನೋಡಿ ಹೇಳುವವನು ಪೂಜಾರಿ. ಭದ್ರಮ್ಮ ಮಂಚದ ಕಾಲ ಕಡೆ ಕಣ್ಣು ಮುಚ್ಚಿ ನಿಂತಳು. ನಾನು ತಲೆಯ ಕಡೆ ಬಗ್ಗಿದೆ.

"ನಂಜುಂಡ, ನಾವು ಮಾತಾಡೋದು ಕೇಳ್ತೈತೇನ್ಲಾ? ಕೇಳ್ತಿದ್ರೆ ಬಲಕ್ಕೆ ನೋಡು."

ಬಲಕ್ಕೆ ನೋಡಿದ. ಎಷ್ಟು ಜೋರಾಗಿ ನೋಡಿದ ಅಂದರೆ ಬಲಗಡೆ ಗೋಡೆಯ ಸುಣ್ಣ ಉದುರಿತು.

ಅಂದಿನಿಂದ ಸಂಜೆ ಹಾಜರಿ ಮುಗಿಸಿ ಅವರ ಮನೆಗೆ ಹೋಗುವುದೇ ಕೆಲಸವಾಯಿತು. ಭದ್ರಮ್ಮ ಕೇಳುವಳು, ನಂಜುಂಡ ನೋಡುವನು, ನಾನು ಹೇಳುವೆನು. ಹುರುಳಿ ಸಾರಿನ ಘಮ ಮೂಗಿಗೆ ಬಂತಂತೆ: ಬಲಕ್ಕೆ. ಹೊಸ ಡ್ರೈವರ್ ಕೆಂಚಯ್ಯನಿಗೆ ಗೇರ್ ಹಾಕಲು ಬರುವುದಿಲ್ಲವಂತೆ: ಬಲಕ್ಕೆ, ಎರಡೆರಡು ಸಲ. ಎಡಕುಮೇರಿಯಲ್ಲಿ ಆನೆ ಅಟ್ಟಿಸಿಕೊಂಡು ಬಂದಾಗ ನಂಜುಂಡನನ್ನು ಹೆಗಲ ಮೇಲೆ ಹೊತ್ತು ಓಡಿದವನು ಈ ಗುಂಡಯ್ಯನೇ: ಬಲಕ್ಕೆ. ಭದ್ರಮ್ಮ ಕಣ್ಣು ಮುಚ್ಚಿಕೊಂಡೇ ನಕ್ಕಳು. ಆ ಮನೆಯಲ್ಲಿ ನಗು ಕೇಳಿ ಬಹಳ ಕಾಲವಾಗಿತ್ತು.

ದಿನವೂ ಅವಳು ಕೊನೆಗೆ ಕೇಳುತ್ತಿದ್ದದ್ದು ಒಂದೇ. ಮಲಗಿ ಮಲಗಿ ನಂಜುಂಡನ ಬೆನ್ನಿನ ಕೆಳಗೆ ಹುಣ್ಣಾಗಿತ್ತು. ಒಬ್ಬಳೇ ಅವನನ್ನು ಅಷ್ಟಿಷ್ಟು ಒತ್ತರಿಸಿ ಅರಿಸಿನದೆಣ್ಣೆ ಸವರುತ್ತಿದ್ದಳು.

"ನೋಯ್ತಾ ಐತಾ ಕೇಳಣ್ಣ. ನೋಯ್ತಿದ್ರೆ ಇಬ್ರೂ ಸೇರಿ ಮಗ್ಗುಲಿಗೆ ಹಾಕಾನ."

"ಎಡಕ್ಕೆ ನೋಡ್ದ. ನೋವಿಲ್ವಂತೆ. ಹಿಂಗೇ ಸುಖವಾಗೈತಂತೆ."

ಆಮೇಲೆ ಅವಳು ಉಸಿರು ಬಿಟ್ಟು ಕಣ್ಣು ತೆರೆಯುತ್ತಿದ್ದಳು. ಹುಣ್ಣು ಅಗಲವಾಗುತ್ತ ಹೋಯಿತು. ವಾಸನೆ ಹಜಾರದವರೆಗೂ ಬರತೊಡಗಿತು.

ಬೇಸಿಗೆಯಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಬಿದ್ದ ಮೇಲೆ ಡಾಕ್ಟರ್ ನಯನಾ ಬಂದರು. ರಕ್ತನಾಳ ಕಟ್ಟಿ ಮಿದುಳಿನ ಕಾಂಡಕ್ಕೆ ಏಟಾದವರ ಮೇಲೆ ಸಂಶೋಧನೆ ಮಾಡುತ್ತಿದ್ದರು; ನಂಜುಂಡನ ತಲೆಯ ಸ್ಕ್ಯಾನ್ ನೋಡಿ ಹುಡುಕಿಕೊಂಡು ಬಂದಿದ್ದರು. ಮಿದುಳನ್ನೂ ಬೆನ್ನುಹುರಿಯನ್ನೂ ಸೇರಿಸುವ, ಹೆಬ್ಬೆರಳು ಗಾತ್ರದ ಭಾಗವೇ ಕಾಂಡ. ಮಿದುಳಿನ ಅಪ್ಪಣೆಯೆಲ್ಲ ಅದರ ಮೂಲಕವೇ ಮೈಗೆ ಇಳಿಯಬೇಕು ಎಂದು ಭದ್ರಮ್ಮನಿಗೆ ತಿಳಿಸಿ ಹೇಳಿದರು.

"ಗೊತ್ತು ಬಿಡಿ ಮೇಡಂ," ಅಂದೆ. "ಕಾಫಿ ಗಿಡಕ್ಕೆ ಬೋರರ್ ಹುಳ ಹೊಡೆಯೋದೂ ಕಾಂಡಕ್ಕೇ. ನಾನು ಲಕ್ಷ ಗಿಡ ಕಿತ್ತು ಸುಟ್ಟಿದೀನಿ. ಇವನ ಜೊತೆ ದಿನಾ ಮಾತೂ ಆಡ್ತೀನಿ. ಬರ್ಕೊಳ್ಳಿ, ನಿಮ್ಮ ಸಂಶೋಧನೆಗೆ ಬೇಕಾಗ್ತದೆ."

"ಹೇಗೆ ಮಾತಾಡ್ತೀರಿ, ತೋರಿಸಿ."

ಭದ್ರಮ್ಮ ಕಣ್ಣು ಮುಚ್ಚಿದಳು. ನಾನು ಬಗ್ಗಿದೆ. "ಬಲಕ್ಕೆ ನೋಡ್ದ" ಅಂದೆ.

ಡಾಕ್ಟರು ಭದ್ರಮ್ಮನ ಹತ್ತಿರ ಹೋದರು. "ನಾನೂ ಇಲ್ಲೇ ಪಕ್ಕದ ಮಗ್ಗೆ ಊರಿನವಳೇ. ಹೂ ಕೇಳೋದು ಗೊತ್ತು" ಎಂದು ಹೇಳಿ ಭದ್ರಮ್ಮನ ಭುಜ ಮುಟ್ಟಿದರು. "ಕಣ್ಣು ಬಿಟ್ಟು ಇಲ್ಲಿ ಬನ್ನಿ ಅಮ್ಮ, ನೀವೇ ನೋಡಿ. ನಂಜುಂಡಣ್ಣ, ನನ್ನ ಮಾತು ಕೇಳಿಸ್ತಿದ್ರೆ ಮೇಲೆ ನೋಡಿ."

ಎರಡೂ ಕಣ್ಣುಗಳು ಮೆಲ್ಲಗೆ ಮೇಲಕ್ಕೆ ಹೋದವು. ಹೋಗಿ ಅಲ್ಲೇ ನಿಂತವು.

ಭದ್ರಮ್ಮ ಮಂಚದ ಪಟ್ಟಿ ಹಿಡಿದುಕೊಂಡಳು.

"ಅಲ್ಲ ಅನ್ನೋದಾದ್ರೆ ಕೆಳಗೆ ನೋಡಿ. ಬೆನ್ನಿನ ಹುಣ್ಣು ನೋಯುತ್ತಾ?"

ಮೇಲೆ.

"ಮೊದಲಿಂದಲೂ?"

ಮೇಲೆ.

"ಮಗ್ಗುಲು ಬದಲಾಯಿಸಬೇಕಾ?"

ಮೇಲೆ ಹೋದ ಕಣ್ಣು ಇಳಿಯಲೇ ಇಲ್ಲ. ನೀರು ತುಂಬಿ ಕಿವಿಯ ಕಡೆ ಹರಿಯಿತು.

"ಕಣ್ಣನ್ನ ಆಚೀಚೆ ತಿರುಗಿಸೋ ನರಗಳು ಇವರಿಗೆ ಏಟಾದ ಜಾಗದಲ್ಲೇ ಇವೆ," ಎಂದರು ಡಾಕ್ಟರು. "ಮೇಲೆ ಕೆಳಗೆ ಆಡಿಸೋ ಜಾಗ ಅದಕ್ಕಿಂತ ಮೇಲಿದೆ, ಅದು ಉಳಿದಿದೆ. ಇವರು ಬಲಕ್ಕೂ ನೋಡಲಾರರು, ಎಡಕ್ಕೂ ನೋಡಲಾರರು. ನೋವು ಮಾತ್ರ ನಮ್ಮಷ್ಟೇ ಗೊತ್ತಾಗುತ್ತೆ."

"ಸಂಜೆ ಹೊತ್ತು ಮೇಡಂ, ಬೆಳಕು ಕಮ್ಮಿ..." ಅಂದೆ. ಯಾರೂ ನನ್ನ ಕಡೆ ತಿರುಗಲಿಲ್ಲ.

ಭದ್ರಮ್ಮ ಗಂಡನ ಮುಖದ ಹತ್ತಿರ ಬಗ್ಗಿದಳು. "ಗುಂಡಣ್ಣ ಹೇಳ್ತಿದ್ದುದ್ರಲ್ಲಿ ನೀವು ಒಂದಾದ್ರೂ ಹೇಳಿದ್ರಾ?"

ನಂಜುಂಡನ ಕಣ್ಣು ಕೆಳಗಿಳಿಯಿತು.

ಅವಳು ಸೆರಗಿನಿಂದ ಅವನ ಕಿವಿಯ ಹತ್ತಿರದ ನೀರನ್ನು ಒರೆಸಿ, ಆಮೇಲೆ ನನ್ನನ್ನು ಕೇಳಿದಳು. "ಯಾಕಣ್ಣ?"

ನಾಲಿಗೆಯ ತುದಿಗೆ ನಾಲ್ಕಾರು ಸುಳ್ಳು ಬಂದವು. ಯಾವುದನ್ನೂ ಆಡಲಾಗಲಿಲ್ಲ.

"ಮೊದಲ್ನೇ ದಿನ ಅವನ ಕಣ್ಣು ಅಲ್ಲಾಡ್ಲೇ ಇಲ್ಲ ಭದ್ರಕ್ಕ. ನೀನು ಕೈಮುಕ್ಕೊಂಡು ನಿಂತಿದ್ದೆ, ಇಲ್ಲ ಅನ್ನೋಕೆ ಬಾಯಿ ಬರ್ಲಿಲ್ಲ. ಆಮೇಲೆ ನಾನು ಅವನ ಮುಖನೇ ನೋಡ್ತಿರ್ಲಿಲ್ಲ, ದಿಂಬು ನೋಡ್ತಿದ್ದೆ. ಒಳಗೆ ಯಾರೂ ಇಲ್ಲ ಅಂದ್ಕೊಂಡ್ಬುಟ್ಟಿದ್ದೆ. ಮಗ್ಗುಲಿಗೆ ಹಾಕಾನ ಅಂತಿದ್ದೆ ನೀನು. ಹಾಕ್ಬೇಕು ಅಂದ್ರೆ ಅವನನ್ನ ಮುಟ್ಬೇಕಲ್ಲ. ಆಸ್ಪತ್ರೆಯಿಂದ ಬಂದ ದಿನ ಕೈ ಹಿಡ್ಕೊಂಡು ನೋಡ್ದೆ, ಒದ್ದೆ ಗೋಣಿ ಇದ್ದಂಗಿತ್ತು. ಭಯ ಆಗ್ಬುಡ್ತು. ಅದಕ್ಕೇ, ನೋವಿಲ್ಲ ಅಂತ ನಾನೇ ಹೇಳ್ದೆ."